ಕಂಬದೊಳಗಿನ ಒಗಟು

ಹಳೆಯ ಮನೆಗೆ ಮುಪ್ಪು ಬರುವುದು ಕಾಲಿನಿಂದ. ಮನುಷ್ಯನಿಗೂ ಸಲ್ಲಬಹುದಾದ ಮಾತು ಇದು. ಆದರೆ ಮರದ ಕಂಬಗಳ ಮೇಲೆ ನಿಂತ ಮನೆಯ ಮಟ್ಟಿಗೆ ಅಕ್ಷರಶಃ ಸತ್ಯ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ, ಉಡಿಗಾಲದಂತಹ ಊರುಗಳಲ್ಲಿ, ಅಜ್ಜ ಮುತ್ತಜ್ಜಂದಿರು ಕಟ್ಟಿಸುತ್ತಿದ್ದ ತೊಟ್ಟಿಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ಸುತ್ತ ಕಂಬಗಳ ಸಾಲು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹೆಂಚು. ಮಳೆ ಬಂತೆಂದರೆ ನಾಲ್ಕು ಕಡೆಯ ಸೂರಿನ ನೀರೂ ತೊಟ್ಟಿಗೇ ಸುರಿಯಬೇಕು. ಮನೆಯ ಮಕ್ಕಳಿಗೆ ಅದು ಹಬ್ಬ. ಕಂಬದ ಪಾಲಿಗೆ ಮಾತ್ರ ಅದು ಶತ್ರುವಿನ ಆಗಮನ.

ಮರದ ಮೈಯಲ್ಲಿ ನೀರೇರುವ ಸೂಕ್ಷ್ಮ ನಾಳಗಳು ಬೇರಿನಿಂದ ತುದಿಯ ಕಡೆಗೆ ನೆಟ್ಟಗೆ ಓಡುತ್ತವೆ. ಮರ ಬದುಕಿದ್ದಾಗ ಅದರ ಪ್ರಾಣವನ್ನು ಹಿಡಿದಿದ್ದ ಈ ನಾಳಗಳೇ, ಅದು ಕಂಬವಾದ ಮೇಲೆ ಅದರ ಪ್ರಾಣಕ್ಕೆ ಎರವಾಗುತ್ತವೆ. ಕಂಬದ ಪಕ್ಕದ ಮೈಗೆ ತಗುಲಿದ ನೀರು ಆರಿಹೋಗುತ್ತದೆ. ಅಡಿಯ ಕೊಯ್ದ ಮುಖಕ್ಕೆ ತಗುಲಿದ ನೀರನ್ನು ಮರ ಬತ್ತಿಯಂತೆ ಒಳಗೆ ಎಳೆದುಕೊಳ್ಳುತ್ತದೆ. ಹಿರಿಯರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆಯ ತೇಗದ ಕಂಬಗಳೂ ಕಲ್ಲಿನ ಪೀಠಗಳ ಮೇಲೆಯೇ ನಿಂತಿವೆ. ಅರಮನೆಯಾಗಲಿ, ಹಳ್ಳಿಯ ಮನೆಯಾಗಲಿ, ಗೆದ್ದಲಿಗೂ ತೇವಕ್ಕೂ ಭೇದವಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಎರಡು ಮೂರು ತಲೆಮಾರು ಕಳೆಯುವುದರೊಳಗೆ ಒಂದಲ್ಲ ಒಂದು ಕಂಬದ ಬುಡ ಬೆಂಡಾಗುತ್ತದೆ. ಮೇಲಿನ ಏಳೆಂಟು ಅಡಿ ಕಬ್ಬಿಣದಂತೆ ಗಟ್ಟಿ. ಕೆಳಗಿನ ಒಂದೂವರೆ ಅಡಿ ಮಾತ್ರ ಉಗುರಿನಿಂದ ಕೆದಕಿದರೆ ಉದುರುವ ಪುಡಿ. ಆಗ ಮನೆಯ ಯಜಮಾನ ಆಚಾರಿಯನ್ನು ಕರೆಸಬೇಕು. ಇಬ್ಬರ ನಡುವೆ ನಡೆಯುವ ಮಾತು ಯಾವ ಊರಿನಲ್ಲಾದರೂ ಹೆಚ್ಚು ಕಡಿಮೆ ಒಂದೇ.

“ಏನ್ ಆಚಾರ್ರೆ, ಕಂಬ ಪೂರಾ ಬದಲಾಯಿಸಬೇಕೋ?”

“ಕಂಬ ತೆಗೆದ್ರೆ ಮನೆ ಎಲ್ಲಿ ನಿಂತದು ಯಜಮಾನ್ರೆ? ಮರಾನೂ ಅಷ್ಟು ಉದ್ದದ್ದು ಈಗ ಎಲ್ಲಿ ಸಿಕ್ಕದು? ಕಾಲು ಮಾತ್ರ ಹೊಸದು ಕೊಟ್ಟರೆ ಸಾಕು.”

ಕಾಲು ಮಾತ್ರ ಹೊಸದು ಕೊಡುವುದು ಎಂದು ಆಚಾರಿ ಎರಡೇ ಮಾತಿನಲ್ಲಿ ಹೇಳಿಬಿಟ್ಟನಲ್ಲ, ಬಡಗಿಯ ವಿದ್ಯೆಯ ಅತ್ಯಂತ ತೊಡಕಿನ ಒಗಟು ಅದರಲ್ಲಿಯೇ ಅಡಗಿದೆ. ಮರದ ಉದ್ದಕ್ಕೆ ಮರದ ಉದ್ದವನ್ನು ಕೂಡಿಸಿ, ಎರಡನ್ನೂ ಒಂದೇ ಮರವೆಂಬಂತೆ ನಡೆಸಿಕೊಳ್ಳುವುದು ಹೇಗೆ?

ತಿಳಿಯದವರಿಗೆ ಇದರಲ್ಲಿ ಒಗಟೇ ಕಾಣದು. ಕೊಳೆತದ್ದನ್ನು ಕೊಯ್ದು, ಅಷ್ಟೇ ಎತ್ತರದ ಹೊಸ ತುಂಡನ್ನು ಅಡಿಗೆ ನಿಲ್ಲಿಸಿದರಾಯಿತಲ್ಲ! ಮೇಲಿನ ಭಾರವನ್ನು ಹೊರುವಷ್ಟಕ್ಕೆ ಅದೇನೋ ಸಾಕು. ಆದರೆ ಕಂಬಕ್ಕೆ ಭಾರವೊಂದೇ ಅಲ್ಲ ಶತ್ರು. ಬಿರುಗಾಳಿಗೆ ಸೂರು ಮೇಲಕ್ಕೆ ಎಳೆಯುತ್ತದೆ. ಭತ್ತದ ಮೂಟೆ ಹೊತ್ತವನು ಆಯ ತಪ್ಪಿ ಕಂಬಕ್ಕೆ ಒರಗುತ್ತಾನೆ. ಹಬ್ಬದ ದಿನ ಮಕ್ಕಳು ಅದೇ ಕಂಬಕ್ಕೆ ಉಯ್ಯಾಲೆಯ ಹಗ್ಗ ಬಿಗಿಯುತ್ತಾರೆ. ಒಂದರ ಮೇಲೊಂದು ಸುಮ್ಮನೆ ನಿಂತ ತುಂಡುಗಳು ಇಂತಹ ಒಂದೇ ಒಂದು ತಳ್ಳಿಗೆ ಜಾರಿಹೋದಾವು. ಅಂಟು ಹಾಕಬಹುದೆಂದರೆ, ಕೊಯ್ದ ಮುಖಕ್ಕೆ ಕೊಯ್ದ ಮುಖವನ್ನು ಅಂಟಿಸಿದ ಬೆಸುಗೆಯಷ್ಟು ದುರ್ಬಲವಾದದ್ದು ಮರಗೆಲಸದಲ್ಲಿ ಇನ್ನೊಂದಿಲ್ಲ. ಅಂಟನ್ನೆಲ್ಲ ಆ ನಾಳಗಳೇ ಕುಡಿದುಬಿಡುತ್ತವೆ. ಕಬ್ಬಿಣದ ಪಟ್ಟಿ ಬಿಗಿದರೆ, ಮಳೆಗಾಲದಲ್ಲಿ ಮರ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣ ಅದರೊಡನೆ ಉಬ್ಬದು, ಕುಗ್ಗದು. ಕೆಲವು ವರ್ಷಗಳಲ್ಲಿ ಮೊಳೆಯ ತೂತು ಸಡಿಲವಾಗಿ, ತುಕ್ಕು ಹಿಡಿದ ಪಟ್ಟಿ ಅಲಂಕಾರಕ್ಕೆ ಉಳಿಯುತ್ತದೆ. ಕಡೆಗೆ ಮರವನ್ನು ಮರವೇ ಹಿಡಿಯಬೇಕು.

ಹೀಗೆ ಹಿಡಿಯಬೇಕಾದರೆ ಒಂದು ತುಂಡಿನಲ್ಲಿ ಕಚ್ಚು ಕೊರೆದು ಇನ್ನೊಂದನ್ನು ಅದರೊಳಗೆ ತೂರಿಸಬೇಕು. ಇಲ್ಲಿಯೇ ಒಗಟಿನ ತಿರುಳು ಇರುವುದು. ತೂರಿಸಲು ಒಂದು ದಾರಿ ಬೇಕು. ಹೊಕ್ಕ ದಾರಿಯಲ್ಲಿಯೇ ಅದು ಹೊರಗೂ ಬಂದೀತು. ಮೇಲಿನಿಂದ ಇಳಿಸಿದ್ದು ಮೇಲಕ್ಕೆ ಕಳಚುತ್ತದೆ, ಪಕ್ಕದಿಂದ ಸರಿಸಿದ್ದು ಪಕ್ಕಕ್ಕೆ ಜಾರುತ್ತದೆ. ಯಾವ ದಾರಿಯಲ್ಲಿಯೂ ಹೊರಬಾರದ ಬೆಸುಗೆಯನ್ನು ಮಾಡಬಹುದೇ ಎಂದರೆ, ಅಂತಹದು ಒಳಗೂ ಹೋಗಲಾರದು. ಆದುದರಿಂದ ಬಡಗಿಯ ಜಾಣತನವೆಲ್ಲ ಒಂದೇ ಆಯ್ಕೆಯಲ್ಲಿದೆ. ಗಾಳಿ, ಭಾರ, ಮನುಷ್ಯ, ದನ, ಇವುಗಳಲ್ಲಿ ಯಾವುದೂ ಎಂದಿಗೂ ತಳ್ಳದ ಒಂದು ದಿಕ್ಕನ್ನು ಹುಡುಕಿ, ಆ ದಿಕ್ಕಿನಿಂದಲೇ ತುಂಡನ್ನು ಒಳಗೆ ಬಿಡಬೇಕು.

ನಮ್ಮ ಹಿಂದಿನವರು ತೊಲೆಯ ವಿಷಯದಲ್ಲಿ ಈ ತೊಡಕನ್ನು ಬಿಡಿಸಿದ್ದಕ್ಕಿಂತ, ಅದು ಬಾರದಂತೆಯೇ ನೋಡಿಕೊಂಡರು ಎನ್ನಬೇಕು. ಎರಡು ಕಂಬಗಳ ನಡುವೆ ಮಲಗಿದ ತೊಲೆ ಭಾರಕ್ಕೆ ಬಾಗುವಾಗ ಅದರ ಮೇಲ್ಮೈ ಒತ್ತಿ ಕುಗ್ಗುತ್ತದೆ, ಕೆಳಮೈ ಎಳೆದು ಹಿಗ್ಗುತ್ತದೆ. ಈ ಎಳೆತ ಅತಿ ಹೆಚ್ಚಾಗಿರುವುದು ನಟ್ಟನಡುವೆ. ತೊಲೆಯ ತುದಿಗಳಲ್ಲಿ, ಅಂದರೆ ಕಂಬದ ತಲೆಯ ಮೇಲೆ, ಬಾಗು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಎರಡು ತೊಲೆಗಳ ತುದಿಗಳನ್ನು ಕಂಬದ ತಲೆಯ ಮೇಲೆಯೇ ಸೇರಿಸಿದರೆ? ಕಂಬದ ತಲೆ ಸಾಲದಷ್ಟು ಕಿರಿದಾದರೆ, ಅದರ ಮೇಲೆ ಎರಡೂ ಕಡೆಗೆ ಕೈಚಾಚಿದ ಬೋದಿಗೆಯನ್ನಿಟ್ಟರಾಯಿತು. ಬೋದಿಗೆಯ ಮೇಲೆ ಹೂವು, ಬಳ್ಳಿ, ಇಳಿಬಿದ್ದ ಮೊಗ್ಗುಗಳನ್ನು ಕೆತ್ತಿರುವುದನ್ನು ಕಂಡು ಅದೊಂದು ಅಲಂಕಾರವೆಂದು ಬಗೆಯುವವರೇ ಹೆಚ್ಚು. ಅದು ಬೆಸುಗೆಯನ್ನು ಅಂಗೈಯಲ್ಲಿ ಹೊತ್ತು ನಿಂತಿರುವ ಸೇವಕ. ಕಲ್ಲಿನ ಗುಡಿ ಕಟ್ಟಿದವರೂ ಬೋದಿಗೆಯನ್ನು ಬಿಡಲಿಲ್ಲ. ಮರದ ಮನೆಯ ಪಾಠ ಕಲ್ಲಿಗೆ ಸಾಗಿತು.

ಮರವನ್ನು ಅಳೆಯುವ, ಕೊಯ್ಯುವ ಲೆಕ್ಕವೂ ಈ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗರಗಸದ ಕೆಲಸಕ್ಕೆಂದೇ ಸೂತ್ರಗಳುಂಟು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದು, ಲೆಕ್ಕವನ್ನು ನಾಡನುಡಿಗೆ ತಂದನು. 1150ರಲ್ಲಿ ಭಾಸ್ಕರಾಚಾರ್ಯನು ಬರೆದ ‘ಲೀಲಾವತಿ’ಯಲ್ಲಿ ‘ಕ್ರಕಚ ವ್ಯವಹಾರ’ ಎಂಬ ಭಾಗವಿದೆ, ಕ್ರಕಚವೆಂದರೆ ಗರಗಸ. ಅಲ್ಲಿನ ಒಂದು ಲೆಕ್ಕದ ಸಾರ ಹೀಗೆ: ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪವಿರುವ, 100 ಅಂಗುಲ ಉದ್ದದ ದಿಮ್ಮಿಯನ್ನು ಉದ್ದುದ್ದವಾಗಿ ನಾಲ್ಕು ಕಡೆ ಕೊಯ್ದರೆ, ಕೊಯ್ದ ಕೆಲಸವೆಷ್ಟು? ಬುಡ ತುದಿಗಳ ಸರಾಸರಿ 18. ಅದನ್ನು 100ರಿಂದ ಗುಣಿಸಿದರೆ 1800. ನಾಲ್ಕು ಕೊಯ್ತಕ್ಕೆ 7200 ಚದರ ಅಂಗುಲ. ಒಂದು ಹಸ್ತಕ್ಕೆ 24 ಅಂಗುಲವಾದುದರಿಂದ 576ರಿಂದ ಭಾಗಿಸಿದರೆ ಹನ್ನೆರಡೂವರೆ ಚದರ ಹಸ್ತ. ಕೂಲಿಯನ್ನು ಇದರ ಮೇಲೆ ಕಟ್ಟಬೇಕು. ಕೂಲಿಗಿಂತಲೂ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಪುಸ್ತಕದ ದಿಮ್ಮಿ ಕೂಡ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುತ್ತದೆ! ಮರವೆಂಬುದು ಸಲಾಕೆಯಲ್ಲ, ಅದಕ್ಕೆ ಬುಡವಿದೆ, ತಲೆಯಿದೆ. ಅದನ್ನು ತಲೆಕೆಳಗಾಗಿ ನಿಲ್ಲಿಸಬಾರದೆಂದು, ಬೇರಿನ ಕಡೆ ಕೆಳಗೇ ಇರಬೇಕೆಂದು ನಮ್ಮ ಆಚಾರಿಗಳು ಪಟ್ಟು ಹಿಡಿಯುವುದನ್ನು ಕುರುಡು ನಂಬಿಕೆಯೆಂದು ನಕ್ಕುಬಿಡುವುದು ಅವಸರವಾದೀತು. ಬೇರಿನ ಕಡೆ ದಪ್ಪ. ದಪ್ಪವಿರುವ ಕಡೆ ಭಾರ ಹೊರಲಿ ಎಂಬುದರಲ್ಲಿ ಲೆಕ್ಕವೂ ಇದೆ.

ಮಯಮತ, ಮಾನಸಾರಗಳೆಂಬ ವಾಸ್ತುಗ್ರಂಥಗಳು ಮರಗಳನ್ನು ಕೂಡಿಸುವ ವಿದ್ಯೆಗೆ ‘ಸಂಧಿಕರ್ಮ’ವೆಂದು ಹೆಸರಿಟ್ಟು ಒಂದೊಂದು ಅಧ್ಯಾಯವನ್ನೇ ಮೀಸಲಿಟ್ಟಿವೆ. ಅಲ್ಲಿನ ಹೆಸರುಗಳನ್ನು ಕೇಳಿದರೆ ಸಾಕು, ಬರೆದವನು ಬರಿಯ ಪಂಡಿತನಲ್ಲ, ಉಳಿ ಹಿಡಿದವರ ನಡುವೆ ಕುಳಿತವನು ಎಂದು ತೋರುತ್ತದೆ. ಎರಡು ಮರಗಳ ಒಂದು ಕೂಟ ‘ಮಲ್ಲಲೀಲ’. ಜಟ್ಟಿಗಳಿಬ್ಬರು ಒಬ್ಬರನ್ನೊಬ್ಬರು ತೆಕ್ಕೆಹಾಯ್ದು ನಿಂತ ಚಿತ್ರ ಎದುರಿಗೆ ಬರುವುದಿಲ್ಲವೇ? ತುಂಡುಗಳು ಹೆಚ್ಚಿದಂತೆ ‘ವೇಣುಪರ್ವ’, ‘ಪೂಕಪರ್ವ’ಗಳು ಬರುತ್ತವೆ. ಮೊದಲನೆಯದು ಬಿದಿರಿನ ಗೆಣ್ಣು, ಎರಡನೆಯದು ಅಡಕೆ ಮರದ ಗೆಣ್ಣು. ಉದ್ದಕ್ಕೆ ಉದ್ದ ಕೂಡಿಸುವ ವಿದ್ಯೆಯನ್ನು ಬಡಗಿಗಿಂತ ಮೊದಲೇ ಬಲ್ಲದ್ದು ಬಿದಿರು.

ಪಶ್ಚಿಮದ ಬಡಗಿಗಳೂ ಕೈಕಟ್ಟಿ ಕುಳಿತವರಲ್ಲ. ಎರಡು ತೊಲೆಗಳ ತುದಿಗಳನ್ನು ಉದ್ದನೆಯ ಓರೆಯಾಗಿ ಸೀಳಿ, ಓರೆಯ ನಡುವೆ ಮೆಟ್ಟಿಲಿನಂತಹ ಕಚ್ಚು ಕೊಟ್ಟು, ಒಂದರ ಮೇಲೊಂದು ಮಲಗಿಸಿ, ನಡುವಿನ ಸಂದಿಗೆ ಬೆಣೆ ಹೊಡೆದು ಬಿಗಿಯುವ ಕ್ರಮ ಅಲ್ಲಿ ರೂಢಿಯಲ್ಲಿತ್ತು. ಪಕ್ಕದಿಂದ ನೋಡಿದರೆ ಆ ಬೆಸುಗೆಯ ಗೆರೆ ಅಂಕುಡೊಂಕಾಗಿ ಕಾಣುವುದರಿಂದ ಫ್ರಾನ್ಸಿನ ಬಡಗಿಗಳು ಅದನ್ನು ಜುಪಿಟರ್ ದೇವನ ಸಿಡಿಲಿಗೆ ಹೋಲಿಸಿ ಹೆಸರಿಟ್ಟರು. ಜಪಾನಿನಲ್ಲಿ ಇದರ ದಾಯಾದಿಯಂತಿರುವ ‘ಕನವ’ ಬೆಸುಗೆಯನ್ನು ಕೊಳೆತ ಕಂಬಕ್ಕೆ ಹೊಸ ಕಾಲು ಕೊಡುವುದಕ್ಕೆಂದೇ ಬಳಸುತ್ತಾರೆ. ಎರಡು ತುಂಡುಗಳ ಕಚ್ಚುಗಳೂ ಒಂದೇ ಅಚ್ಚಿನವು. ಅವನ್ನು ತುಸು ಅಂತರ ಬಿಟ್ಟು ಪಕ್ಕದಿಂದ ಸೇರಿಸಿ, ಆಮೇಲೆ ಉದ್ದಕ್ಕೆ ಒತ್ತಿ, ನಡುವೆ ಉಳಿದ ಚೌಕನೆಯ ತೂತಿಗೆ ಗಟ್ಟಿ ಮರದ ಬೆಣೆಯನ್ನು ಜಡಿಯುತ್ತಾರೆ. ಹೊಕ್ಕ ದಾರಿಗೆ ಬೆಣೆಯೇ ಬಾಗಿಲು. ಬೆಣೆ ಇರುವವರೆಗೆ ಯಾವ ಕಡೆಗೂ ಅಲುಗದು; ಬೆಣೆ ಕಿತ್ತರೆ ಇಡೀ ಬೆಸುಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಉಪಯೋಗದ ದೃಷ್ಟಿಯಿಂದ ಇದಕ್ಕಿಂತ ಸರಳವಾದ ಉಪಾಯ ಬೇಡ.

ಆದರೆ ಬೆಣೆಯೂ ಕಾಣದ, ತೂತೂ ಕಾಣದ ಬೆಸುಗೆಗಳಿವೆ. ಓದುಗರಲ್ಲಿ ಲೆಕ್ಕ, ಒಗಟುಗಳ ಗೀಳಿರುವವರು ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದುವುದು ಒಳ್ಳೆಯದು.

ಮೊದಲು ಒಂದು ಆಕಾರದ ಪರಿಚಯವಾಗಬೇಕು. ಮರದ ಪೆಟ್ಟಿಗೆಯ ಮೂಲೆಗಳಲ್ಲಿ, ಮೇಜಿನ ಸೆಳೆಖಾನೆಗಳ ಪಕ್ಕದಲ್ಲಿ ಬೀಸಣಿಗೆಯಂತೆ ತುದಿ ಅಗಲವಾಗಿ, ಬುಡ ಕಿರಿದಾಗಿರುವ ಹಲ್ಲುಗಳನ್ನು ಎಲ್ಲರೂ ಕಂಡಿರುತ್ತಾರೆ. ಇಂಗ್ಲಿಷಿನವರಿಗೆ ಅದು ಪಾರಿವಾಳದ ಬಾಲದಂತೆ ಕಂಡಿತು, ‘ಡವ್‌ಟೇಲ್’ ಎಂದರು. ಜಪಾನಿನವರು ಅದನ್ನು ‘ಅರಿ’ ಎನ್ನುತ್ತಾರೆ, ಇರುವೆ ಎಂದರ್ಥ. ಹಕ್ಕಿಯ ಬಾಲವನ್ನು ಕಂಡವರೂ ಇರುವೆಯನ್ನು ಕಂಡವರೂ ಒಂದೇ ಗುಣವನ್ನು ಮೆಚ್ಚಿದರು: ತುದಿ ಅಗಲ, ಕೊರಳು ಸಣ್ಣ, ಆದುದರಿಂದ ಎಳೆದರೆ ಬಾರದು. ಅದು ಹೊರಬರುವುದು ಸರಿದು ಬಂದ ಗಾಡಿಯ ಉದ್ದಕ್ಕೆ ಮಾತ್ರ.

ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ 1917ರಲ್ಲಿ ಪ್ರಕಟಿಸಿದ ‘ಅಮ್ಯೂಸ್‌ಮೆಂಟ್ಸ್ ಇನ್ ಮ್ಯಾಥಮ್ಯಾಟಿಕ್ಸ್’ ಎಂಬ ಸಂಗ್ರಹದಲ್ಲಿ ಒಂದು ಮರದ ದಿಮ್ಮಿಯ ಒಗಟನ್ನು ಸೇರಿಸಿದ್ದಾನೆ. ಚೌಕನೆಯ ಎರಡು ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿದೆ. ಮುಂದಿನಿಂದ ನೋಡಿದರೆ ಕೂಟದಲ್ಲಿ ಒಂದು ಪಾರಿವಾಳದ ಬಾಲ ಕಾಣುತ್ತದೆ. ಹಿಂದಿನಿಂದ ನೋಡಿದರೂ ಕಾಣುತ್ತದೆ. ಎಡಗಡೆಯಿಂದಲೂ ಬಲಗಡೆಯಿಂದಲೂ ಹಾಗೆಯೇ. ನಾಲ್ಕು ಮುಖಗಳಲ್ಲಿಯೂ ಬಾಲ! ಮುಂದಿನ ಬಾಲ ಹಿಂದಕ್ಕೆ ಓಡಿದೆಯೆಂದರೆ, ಪಕ್ಕದ ಬಾಲ ಅದಕ್ಕೆ ಅಡ್ಡ ಬರುತ್ತದೆ. ಮುಂದೆ-ಹಿಂದೆ ಸರಿಸಲಾಗದು, ಎಡ-ಬಲ ಸರಿಸಲಾಗದು, ಮೇಲಕ್ಕೆ ಎತ್ತಲಂತೂ ಆಗದು. ಹಾಗಾದರೆ ಒಳಗೆ ಹೊಕ್ಕದ್ದು ಹೇಗೆ? ಇದನ್ನು ಮೊದಲು ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಓದುಗರು ಓಕ್, ತೇಗ, ಬೀಟೆ ಮುಂತಾದ ಹಲವು ಬಗೆಯ ಮರಗಳಲ್ಲಿ ಮಾದರಿಗಳನ್ನು ಮಾಡಿ ಕಳುಹಿಸತೊಡಗಿದರಂತೆ, ಯಾರೂ ಕೇಳಿರಲಿಲ್ಲ. ಅವುಗಳಲ್ಲಿ ಅರ್ಧ ಅಡಿಯವೂ ಇದ್ದವು, ಅರ್ಧ ಅಂಗುಲದ ಪುಟಾಣಿಯೂ ಇತ್ತು ಎಂದು ಡ್ಯೂಡ್ನಿ ಬರೆದಿದ್ದಾನೆ.

ಇಲ್ಲಿ ಪತ್ರಿಕೆಯನ್ನು ಮಡಿಸಿಟ್ಟು ಒಂದು ಗಳಿಗೆ ಯೋಚಿಸುವವರು ಯೋಚಿಸಲಿ. ಆತುರದವರು ಮುಂದೆ ಓದಬಹುದು.

ಕಣ್ಣು ನಮಗೆ ಮಾಡುವ ಮೋಸವೇ ಈ ಒಗಟಿನ ಬೀಗ. ಮುಂದಿನ ಮುಖದಲ್ಲಿ ಒಂದು ಆಕಾರ, ಹಿಂದಿನ ಮುಖದಲ್ಲಿಯೂ ಅದೇ ಆಕಾರ ಕಂಡೊಡನೆ, ಮುಂದಿನದೇ ಹಿಂದಕ್ಕೆ ನೆಟ್ಟಗೆ ಓಡಿದೆಯೆಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಹಾಗೆ ಯಾರೂ ಹೇಳಲಿಲ್ಲವಲ್ಲ! ಮುಂದಿನ ಬಾಲ ಹಿಂದಿನ ಮುಖಕ್ಕೆ ಹೋಗುವುದೇ ಇಲ್ಲ. ಓರೆಯಾಗಿ ಸಾಗಿ ಬಲಗಡೆಯ ಮುಖದಲ್ಲಿ ಹೊರಬರುತ್ತದೆ. ಎಡಗಡೆಯ ಬಾಲ ಅದಕ್ಕೆ ಸಮಾನಾಂತರವಾಗಿ ಹಿಂದಿನ ಮುಖಕ್ಕೆ ಸಾಗುತ್ತದೆ. ಒಳಗಿರುವುದು ಒಂದನ್ನೊಂದು ಕತ್ತರಿಸುವ ಎರಡು ಗಾಡಿಗಳಲ್ಲ. ಮೂಲೆಯಿಂದ ಮೂಲೆಯ ದಿಕ್ಕಿಗೆ ಒಟ್ಟೊಟ್ಟಿಗೆ ಓಡುವ ಎರಡು ಗಾಡಿಗಳು. ಮೂಲೆಯ ದಿಕ್ಕಿಗೆ ತಳ್ಳಿದರೆ ದಿಮ್ಮಿ ಬೆಣ್ಣೆಯಂತೆ ಬಿಚ್ಚಿಕೊಳ್ಳುತ್ತದೆ.

ಇದು ಆಟ. ಇದೇ ಬುದ್ಧಿಯನ್ನು ಭಾರ ಹೊರುವ ಕಂಬಕ್ಕೆ ಅನ್ವಯಿಸಿದ ಬಡಗಿಯ ಕೆಲಸ ಜಪಾನಿನ ಒಸಾಕಾ ನಗರದ ಕೋಟೆಯಲ್ಲಿದೆ. 1583ರಲ್ಲಿ ಹಿದೆಯೋಶಿ ಕಟ್ಟಿಸತೊಡಗಿದ ಆ ಕೋಟೆ 1615ರ ಯುದ್ಧದಲ್ಲಿ ಬಿದ್ದಿತು. ತೋಕುಗಾವ ವಂಶದವರು ಅದನ್ನು ಮತ್ತೆ ಕಟ್ಟಿದರು. ಅದರ ಮುಖ್ಯ ಬಾಗಿಲಿಗೆ ಓತೆಮೊನ್ ಎಂದು ಹೆಸರು, 1628ರ ಕಾಲದ್ದು. ಎದುರಿಗೆ ಎರಡು ದೊಡ್ಡ ಕಂಬಗಳು. ಅವು ಹಿಂದಕ್ಕೆ ಬೀಳದಂತೆ ಬೆನ್ನಿಗೆ ಆಸರೆಯಾಗಿ ಎರಡು ಕಂಬಗಳು. ಈ ಆಸರೆಯ ಕಂಬದ ಬುಡ ಕೊಳೆತಾಗ, 1923ರಲ್ಲಿ, ಹೊಸ ಕಾಲು ಕೊಟ್ಟರು. ನಮ್ಮ ತೊಟ್ಟಿಮನೆಯ ಕಂಬಕ್ಕೆ ಬಂದ ರೋಗವೇ ಅಲ್ಲಿಗೂ ಬಂದಿತ್ತು. ಚಿಕಿತ್ಸೆ ಮಾತ್ರ ಜಗತ್ತಿನ ಬಡಗಿಗಳನ್ನೆಲ್ಲ ದಿಗಿಲುಗೊಳಿಸುವಂತಹದಾಯಿತು.

ಕಂಬದ ಎದುರುಬದುರಾದ ಎರಡು ಮುಖಗಳಲ್ಲಿ ಹಳೆಯ ಮರ, ಹೊಸ ಮರ ಕೂಡುವ ಕಡೆ ಇರುವೆಯ ತಲೆಯ ಆಕಾರ, ಅಂದರೆ ನಮ್ಮ ಪಾರಿವಾಳದ ಬಾಲವೇ, ಕಾಣುತ್ತದೆ. ಹಾಗಾದರೆ ಕಂಬವನ್ನು ಮೇಲಿನಿಂದ ನೆಟ್ಟಗೆ ಇಳಿಸಿರಲಾರರು. ಆ ಬಾಲದ ಉದ್ದಕ್ಕೆ ಪಕ್ಕದಿಂದ ಸರಿಸಿರಬೇಕೆಂದು ಇನ್ನೆರಡು ಮುಖಗಳತ್ತ ಬಂದರೆ, ಅಲ್ಲಿ ಕೂಟದ ಗೆರೆ ಬೆಟ್ಟದ ಶಿಖರದಂತೆ ನಡುವೆ ಎತ್ತರವಾಗಿ ಎರಡೂ ಕಡೆಗೆ ಇಳಿದಿದೆ. ಬೆಟ್ಟವನ್ನು ದಾಟಿ ನೆಟ್ಟಗೆ ಸರಿಸುವುದು ಹೇಗೆ? ಶಿಖರ ಅಡ್ಡ ಬರುತ್ತದೆ. ಇನ್ನೊಂದು ದಿಕ್ಕಿಗೆ ಸರಿಸೋಣವೆಂದರೆ ಇರುವೆಯ ತಲೆಯೇ ಅಡ್ಡ. ಮೂಲೆಯಿಂದ ಮೂಲೆಗೆ ಎಂಬ ಡ್ಯೂಡ್ನಿಯ ಉಪಾಯವೂ ಇಲ್ಲಿ ನಡೆಯದು. ಬಾಗಿಲನ್ನು ಬಿಚ್ಚಿ ನೋಡುವಂತಿಲ್ಲ. ಬಡಗಿಗಳೂ ವಿದ್ವಾಂಸರೂ ದಶಕಗಳ ಕಾಲ ಅದರ ಸುತ್ತ ತಿರುಗಿದರು. 1945ರ ಬಾಂಬುಗಳ ಮಳೆಯಲ್ಲಿ ಕೋಟೆಯ ಹಲವು ಕಟ್ಟಡಗಳು ಸುಟ್ಟುಹೋದರೂ ಬಾಗಿಲು ಉಳಿಯಿತು. ಅದರೊಡನೆ ಒಗಟೂ ಉಳಿಯಿತು. ಕಡೆಗೆ 1983ರಲ್ಲಿ, ಮನುಷ್ಯನ ಮುರಿದ ಮೂಳೆಯನ್ನು ನೋಡುವಂತೆ, ಕ್ಷಕಿರಣಗಳಿಂದ ಕಂಬದ ಛಾಯಾಚಿತ್ರ ತೆಗೆದರು.

ಉತ್ತರ ಇಷ್ಟೇ: ದಾರಿ ಓರೆಯಾಗಿತ್ತು. ಆದರೆ ನೆಲಕ್ಕೆ ಸಮನಾದ ಓರೆಯಲ್ಲ, ಕೆಳಗಿನಿಂದ ಮೇಲಕ್ಕೆ ಏರುವ ಓರೆ. ಬೆಟ್ಟದ ಎರಡು ಇಳಿಜಾರುಗಳಲ್ಲಿ ಒಂದನ್ನು ಜಾರುಬಂಡೆಯೆಂದು ಭಾವಿಸಿ. ಹೊಸ ಕಾಲನ್ನು ಆ ಜಾರಿನ ಉದ್ದಕ್ಕೇ, ಕೆಳಗಿನಿಂದ ಓರೆಯಾಗಿ ಮೇಲಕ್ಕೆ ತಳ್ಳಬೇಕು. ಒಂದು ಇಳಿಜಾರು ಹಳೆಯ ಮರವನ್ನು ಸವರುತ್ತ ಏರುವಾಗ, ಮತ್ತೊಂದು ಇಳಿಜಾರು ಎದುರಿನ ಮೈಗೆ ಮುಖಾಮುಖಿಯಾಗಿ ಬಂದು ಒತ್ತಿ ನಿಲ್ಲುತ್ತದೆ. ಇರುವೆಯ ತಲೆಗಳ ಪಕ್ಕಗಳನ್ನೂ ಇದೇ ಓರೆಗೆ ಹೊಂದಿಸಿ ಕೊರೆದಿರುವುದರಿಂದ ಅವು ಅಡ್ಡ ಬರುವುದಿಲ್ಲ. ಹೊರಗಿನಿಂದ ನೆಟ್ಟಗೆ ನೋಡಿದವನಿಗೆ ಮಾತ್ರ ಎಳೆದರೆ ಬಾರದ ಬಾಲದಂತೆ ತೋರುತ್ತವೆ. ತೋರುವುದೇನು, ನೆಟ್ಟಗೆ ಎಳೆದರೆ ನಿಜವಾಗಿಯೂ ಬಾರವು.

ಇದರಲ್ಲಿ ಚಮತ್ಕಾರಕ್ಕಿಂತ ಮಿಗಿಲಾದದ್ದು ವಿವೇಕ. ಹೊಸ ಕಾಲು ಹೊರಬರಬೇಕಾದರೆ ಪಕ್ಕಕ್ಕೆ ಸರಿಯುವುದರ ಜೊತೆಗೆ ಕೆಳಕ್ಕೂ ಇಳಿಯಬೇಕು. ಕೆಳಗೆ ಕಲ್ಲಿದೆ! ಇಳಿಯದೆ ಸರಿಯಲಾರದು, ಸರಿಯದೆ ಇಳಿಯಲಾರದು. ಮೇಲಿನಿಂದ ಭಾರ ಬಿದ್ದಷ್ಟೂ ಬೆಸುಗೆ ಕಲ್ಲಿನ ಮೇಲೆ ಇನ್ನಷ್ಟು ಕೂರುತ್ತದೆ. ಗಾಳಿ ಸೂರನ್ನು ಎತ್ತಿದರೆ ಇರುವೆಯ ತಲೆ ಹಿಡಿಯುತ್ತದೆ. ಪಕ್ಕದಿಂದ ಒರಗಿದರೆ ಶಿಖರ ತಡೆಯುತ್ತದೆ. ಕೀಲಿಯ ಕೆಲಸವನ್ನು ಪೀಠದ ಕಲ್ಲಿಗೇ ಒಪ್ಪಿಸಿದ್ದರಿಂದ ಬೆಣೆಯ ಅಗತ್ಯವೇ ಬೀಳಲಿಲ್ಲ. ಯಾರೂ ತಳ್ಳದ ದಿಕ್ಕನ್ನು ಹುಡುಕಬೇಕೆಂಬ ನಿಯಮಕ್ಕೆ ಇದಕ್ಕಿಂತ ಚೆಲುವಾದ ನಿದರ್ಶನ ದೊರೆಯುವುದು ಕಷ್ಟ.

ಕಂಬ ಕೊಳೆತರೆ ಹೊಸ ಕಂಬವನ್ನೇ ತರಬಾರದೇ, ಇಷ್ಟು ಹೆಣಗಾಟವೇಕೆ ಎಂದು ಕೇಳುವವರಿಗೆ ಚಾಮರಾಜನಗರದ ಸುತ್ತಣ ಕಾಡುಗಳೇ ಉತ್ತರ ಹೇಳುತ್ತವೆ. ತೇಗ, ಹೊನ್ನೆ, ಬೀಟೆ, ಮತ್ತಿಗಳು ಬೆಳೆಯುವ ನೆಲವಿದು. ಆದರೆ ಬಂಡೀಪುರ 1973ರಲ್ಲಿ ಹುಲಿಯ ರಕ್ಷಿತಾರಣ್ಯವಾಯಿತು. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ 2011ರಲ್ಲಿ ಅದೇ ರಕ್ಷಣೆ ದೊರಕಿತು. ಅದು ಆಗಬೇಕಾದದ್ದೇ, ನೂರು ವರ್ಷದ ಮರ ಮನೆಯ ತೊಲೆಯಾಗುವುದಕ್ಕಿಂತ ಕಾಡಿನಲ್ಲಿ ನಿಂತಿರುವುದೇ ಲೇಸು. ಅಂದಮೇಲೆ ಉದ್ದನೆಯ ಒಂಟಿ ಮರದ ಕಾಲ ಮುಗಿಯಿತು. ಇರುವ ಹಳೆಯ ಮರವನ್ನು ಉಳಿಸಿಕೊಳ್ಳಬೇಕು, ಇಲ್ಲವೇ ತುಂಡುಗಳನ್ನು ಕೂಡಿಸಬೇಕು. ಕಾರ್ಖಾನೆಗಳು ಎರಡನೆಯ ದಾರಿಯನ್ನು ಹಿಡಿದಿವೆ. ಪಟ್ಟಣದ ಅಂಗಡಿಯಿಂದ ತಂದ ರಬ್ಬರ್ ಮರದ ಮೇಜನ್ನು ಹತ್ತಿರದಿಂದ ನೋ��ಿದರೆ ಹಲಗೆಯ ಮೇಲೆ ಅಲ್ಲಲ್ಲಿ ಗರಗಸದ ಹಲ್ಲಿನಂತಹ ಗೆರೆ ಕಾಣುತ್ತದೆ. ಗಿಡ್ಡ ತುಂಡುಗಳ ತುದಿಗಳನ್ನು ಬೆರಳುಗಳಂತೆ ಕತ್ತರಿಸಿ, ಅಂಟು ಸವರಿ, ಒಂದರೊಳಗೊಂದು ಒತ್ತಿದ ಗುರುತು ಅದು. ಬೆರಳಿನ ಓರೆಯ ಮೈಗಳಲ್ಲಿ ಅಂಟಿಗೆ ಉದ್ದನೆಯ ಎಳೆ ಸಿಕ್ಕುವುದರಿಂದ ಬೆಸುಗೆ ಗಟ್ಟಿಯಾಗುತ್ತದೆ. ಒಂದೇ ಓರೆಯಿಂದ ಅಂಟಿಸಬೇಕಾದರೆ ಮರದ ದಪ್ಪದ ಎಂಟು ಪಟ್ಟಾದರೂ ಉದ್ದ ಬೇಕು. ಬೆರಳುಗಳಾದರೆ ಆ ಉದ್ದವನ್ನೆಲ್ಲ ಮಡಿಸಿ ಅಂಗುಲದೊಳಗೆ ಅಡಗಿಸಿದಂತಾಯಿತು. ಜಾಣತನ ಇಲ್ಲಿಯೂ ಇದೆ. ಅಂಟು ಬಿಟ್ಟಿತೆಂದರೆ ಮಾತ್ರ ಗತಿಯಿಲ್ಲ.

ಕೈಯ ವಿದ್ಯೆ ಇನ್ನೂ ಬೇಕಾಗಿದೆಯೇ ಎಂಬ ಪ್ರಶ್ನೆ ಈ ಸೀಮೆಗೆ ಇತ್ತೀಚೆಗೆ ಬೇರೊಂದು ರೀತಿಯಲ್ಲಿ ಎದುರಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಆಷಾಢದಲ್ಲಿ ಅಲ್ಲಿ ತೇರು ನಡೆಯುತ್ತದೆ. ಹೊಸದಾಗಿ ಮದುವೆಯಾದ ದಂಪತಿಗಳನ್ನು ಆಷಾಢದಲ್ಲಿ ಬೇರೆ ಬೇರೆ ಇರಿಸುವುದು ನಾಡಿನ ವಾಡಿಕೆ. ಈ ತೇರಿಗೆ ಮಾತ್ರ ಅವರು ಜೊತೆಯಾಗಿ ಬಂದು ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ಕಿಡಿಗೇಡಿಯೊಬ್ಬನು ಹಚ್ಚಿದ ಬೆಂಕಿಗೆ ಆ ತೇರು ಬಲಿಯಾಯಿತು. ಹೊಸ ತೇರು ಸಿದ್ಧವಾಗಿ ಉತ್ಸವ ಮತ್ತೆ ನಡೆದದ್ದು 2022ರಲ್ಲಿ. ಐದು ಆಷಾಢಗಳು ತೇರಿಲ್ಲದೆ ಕಳೆದವು. ತೇರೆಂದರೆ ನಿಂತಲ್ಲಿ ನಿಲ್ಲುವ ಮನೆಯಲ್ಲ. ಹಗ್ಗ ಒಮ್ಮೆ ಬಲಕ್ಕೆ ಜಗ್ಗುತ್ತದೆ, ಒಮ್ಮೆ ಎಡಕ್ಕೆ. ಗಾಲಿ ಹಳ್ಳಕ್ಕೆ ಇಳಿದಾಗ ಇಡೀ ಭಾರ ಒಂದು ಮೂಲೆಗೆ ವಾಲುತ್ತದೆ. ಗಾಲಿಗೆ ಅಡ್ಡ ಕೊಟ್ಟೊಡನೆ ಶಿಖರದವರೆಗೂ ನಡುಕ ಓಡುತ್ತದೆ. ಯಾರೂ ತಳ್ಳದ ದಿಕ್ಕೆಂಬುದು ತೇರಿನಲ್ಲಿ ಇಲ್ಲವೆಂದೇ ಹೇಳಬೇಕು. ಅಂತಹದನ್ನು ಮರದಲ್ಲಿ ಕೂಡಿಸಿ ಬೀದಿಗೆ ಬಿಡುವ ಆಚಾರಿಯ ಎದೆಗಾರಿಕೆ ದೊಡ್ಡದು.

ಡ್ಯೂಡ್ನಿಯ ದಿಮ್ಮಿಯನ್ನು ಮನೆಯಲ್ಲಿಯೇ ಮಾಡಿ ನೋಡಬಯಸುವವರಿಗೆ ಬೀಟೆ, ತೇಗ ಬೇಕಾಗಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪು ಸಾಕು. ಒಂದೇ ಅಳತೆಯ ಎರಡು ಚೌಕನೆಯ ತುಂಡುಗಳನ್ನು ಕತ್ತರಿಸಿಕೊಳ್ಳಿ. ಒಂದರ ಮೇಲ್ಮೈಯಲ್ಲಿ ನಾಲ್ಕು ಅಂಚುಗಳ ನಡುಬಿಂದುಗಳನ್ನು ಗುರುತಿಸಿ. ಮುಂದಿನ ನಡುಬಿಂದುವಿನಿಂದ ಬಲಗಡೆಯ ನಡುಬಿಂದುವಿಗೆ ಒಂದು ಗೆರೆ, ಎಡಗಡೆಯದರಿಂದ ಹಿಂದಿನದಕ್ಕೆ ಇನ್ನೊಂದು ಗೆರೆ. ಎರಡೂ ಸಮಾನಾಂತರವಾಗಿರುತ್ತವೆ. ಈ ಗೆರೆಗಳ ಉದ್ದಕ್ಕೆ ಬಾಯಿ ಕಿರಿದಾಗಿ ತಳ ಅಗಲವಾಗುವಂತೆ ಎರಡು ಗಾಡಿ ಕೊರೆಯಿರಿ. ಇನ್ನೊಂದು ತುಂಡಿನಲ್ಲಿ ಅವಕ್ಕೆ ಸರಿಹೊಂದುವ ಎರಡು ಏಣುಗಳನ್ನು ಉಳಿಸಿಕೊಂಡು ಉಳಿದುದನ್ನು ಕೆತ್ತಿಹಾಕಿ. ಆಮೇಲೆ ಮೂಲೆಯ ಕಡೆಯಿಂದ ಒಂದರೊಳಗೊಂದನ್ನು ಸರಿಸಿದರಾಯಿತು. ಸರಿಸುವ ಮುನ್ನ ಗಾಡಿಗೆ ತುಸು ನೀರು ಸವರಿದರೆ ಸೋಪು ಬಿರಿಯದೆ ಜಾರುತ್ತದೆ.